69ನೇ ಮೈಲಿನ ಗೇಜ್ ಎಷ್ಟಿದೆ?

(ಗುಂಪು: ಮನೆ ಮಂದಿ)

ಅಣ್ಣ: (ವಿಡಿಯೋ) ನೆಲ್ಲಿನ ಗದ್ದೆ ಮೇಲೆ ಡ್ರೋನ್ ಹುಳಕ್ಕೆ ಎಣ್ಣೆ ಹೊಡೆಯುತ್ತಿದೆ ನೋಡಿ. ಎಕರೆಗೆ ಹತ್ತು ನಿಮಿಷ ಸಾಕಂತೆ. ವಿಜ್ಞಾನ ಹೀಗೆ ಹೊಲಕ್ಕೆ ಬಂದರೆ ನಮ್ಮ ರಾಯಚೂರು ಯಾಕೆ ಹಿಂದೆ ಬೀಳುತ್ತೆ?

ಕಾಕಾ: ಚೆನ್ನಾಗಿದೆ ತಮ್ಮಾ. ಡ್ರೋನ್ ಕೆಳಗೆ ನೀರಿದೆ, ಅದನ್ನು ನೋಡಿದೆಯಾ? ನಮ್ಮ ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಇವತ್ತು ಮೊಣಕಾಲು ಮುಳುಗುವಷ್ಟು ನೀರಿಲ್ಲ. ಬಿರುಕಿಗೆ ಎಣ್ಣೆ ಹೊಡೆಸಲಾ?

ಅಣ್ಣ: ಏನು ಹಾಕಿದರೂ ನೀರಿನ ಮಾತೇ ತೆಗೆಯುತ್ತೀರಿ ಕಾಕಾ.

ಅತ್ತೆ: ಡ್ರೋನ್ ಬೇಡ ಅನ್ನಬೇಡ್ರಪ್ಪ. ಹದಿನಾರು ಲೀಟರ್ ಪಂಪು ಬೆನ್ನಿಗೆ ಹಾಕಿಕೊಂಡು ಕೆಸರಲ್ಲಿ ನಡೆದವರಿಗೆ ಗೊತ್ತು. ಎಣ್ಣೆ ಹೊಡೆದು ಬಂದ ದಿನ ನಿಮ್ಮ ಮಾವ ಉಣ್ಣುತ್ತಿರಲಿಲ್ಲ. ಎಷ್ಟು ಸೋಪು ಹಚ್ಚಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಈಗ ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ ಸ್ಕೀಮ್ ಇದೆ, 80 ಪರ್ಸೆಂಟ್ ಸಬ್ಸಿಡಿ, 8 ಲಕ್ಷದವರೆಗೆ. ನಮ್ಮ ಸಂಘದವರೂ ವಿಚಾರಿಸುತ್ತಿದ್ದೇವೆ.

ಕಾಕಾ: ಬೇಡ ಅಂದೆನಾ ಅಕ್ಕಾ? ಕಾರಟಗಿಯವರು ಕಾಲುವೆಯ ಮೇಲ್ಭಾಗದಲ್ಲಿದ್ದೀರಿ, ನೀರು ಸಿಕ್ಕರೆ ಎರಡು ಸಲ ನೆಲ್ಲು ಹಚ್ಚುತ್ತೀರಿ. ನಿಮಗೆ ಸಾಕಾಗಿ ಉಳಿದರೆ ನಮಗೆ.

ಅತ್ತೆ: ಶುರುವಾಯ್ತು.

ನಾನು: ಅತ್ತೆ, ಎಡದಂಡೆಗೆ ಹೆಚ್ಚಾಗಿ ಅರೆ ನೀರಾವರಿ ಅಂತಲೇ ಪ್ಲಾನ್ ಮಾಡಿದ್ದರು. ಜೋಳ, ಹತ್ತಿ, ಶೇಂಗಾ. ನೆಲ್ಲಿಗೆ ಸ್ವಲ್ಪವೇ ಜಾಗ. ಡ್ಯಾಂ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105.

ಅತ್ತೆ: ಜೋಳ ಹಾಕು ಅನ್ನೋರು ರೇಟು ಕೊಡಿಸಲಿ. ನೀರು ನಿಂತೂ ನಿಂತೂ ನಮ್ಮ ಎರಡು ಎಕರೆ ಸವಳಾಗಿದೆ. ಅಲ್ಲಿ ನೆಲ್ಲು ಬಿಟ್ಟು ಏನೂ ಏಳೋದಿಲ್ಲ. ನಮಗೇನು ಖುಷಿನಾ?

ಅಣ್ಣ: ಅದಕ್ಕೇ ಟೆಕ್ನಾಲಜಿ ಬೇಕು ಅಂದದ್ದು! ನಾರಾಯಣಪುರ ಎಡದಂಡೆ ಕಾಲುವೆಗೆ ಸ್ಕಾಡಾ ಹಾಕಿದ್ದಾರೆ. ಗೇಟು ಎಷ್ಟು ಎತ್ತಿದೆ, ನೀರು ಎಷ್ಟು ಹೋಗುತ್ತಿದೆ, ಎಲ್ಲಾ ಕಂಪ್ಯೂಟರಿನಲ್ಲೇ.

ಕಾಕಾ: ಹಾಂ, ಇದು ಮಾತು. ನನಗೆ ನಮ್ಮ ಕಾಲುವೆಯ 69ನೇ ಮೈಲಿನ ಗೇಜ್, ಅಂದರೆ ಅಲ್ಲಿ ನೀರು ಎಷ್ಟಿದೆ ಅನ್ನೋದು, ಒಂದು ಫೋನಿನಲ್ಲಿ ಕಂಡರೆ ಸಾಕು. ಈಗ ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೆ ಫೋನ್ ಹಚ್ಚಬೇಕು. ಅವನೋ ಹಂಗಾಮಿ, ಪಾಪ, ಪಗಾರದ ಚಿಂತೆ ಅವನಿಗೆ. ಆದರೆ ಮಷಿನ್ ಹಾಕಿ ಫೋಟೋ ತೆಗೆಸಿಕೊಂಡು ಹೋದರೆ ಆಗೋದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಚೈನ್ ಕಡಿದು. ಇದ್ದದ್ದು 33 ಗೇಟು, ಹೋದದ್ದು ಒಂದು, ನಿದ್ದೆ ಹೋದದ್ದು ನಮ್ಮೆಲ್ಲರದು. ಕೊನೆಗೆ ಬಂದವರು ಯಾರು? ಗೇಟು ತಜ್ಞ ಕನ್ನಯ್ಯ ನಾಯ್ಡು, ಅಷ್ಟು ವಯಸ್ಸಿನಲ್ಲಿ. ಹರಿಯುವ ನೀರಿಗೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ತುಂಡುಗಳನ್ನು, ಇಳಿಸಿದರು. ಒಂದೊಂದು ತುಂಡು ಕೂತಾಗಲೂ ನಾನು ಟಿವಿ ಮುಂದೆ ಎದ್ದು ನಿಲ್ಲುತ್ತಿದ್ದೆ.

ಅಣ್ಣ: ಒಪ್ಪಿದೆ. ಚೈನ್ ನೋಡಿಕೊಳ್ಳುವವನ ವಿಡಿಯೋ ಯಾರೂ ಮಾಡೋದಿಲ್ಲ ಅಲ್ವಾ.

ಕಾಕಾ: ಈಗ ಗ್ಯಾಂಗ್‌ಮನ್ ಫೋನ್ ಮಾಡಿದ್ದ. ಗೇಜ್ ಮತ್ತೆ ಇಳಿದಿದೆಯಂತೆ. ಅಕ್ಕಾ, ನಿಮ್ಮ ತೂಬು ಬಂದ್ ಇದೆ ತಾನೇ?

ಅತ್ತೆ: ನಿಮ್ಮ ಮಾವ ಮಲಗಿದ್ದಾರೆ. ಬೆಳಿಗ್ಗೆ ಕೇಳುತ್ತೇನೆ.