ಸಹಾಯ ಬೇಕು: ಕಾರವಾರದಲ್ಲಿ ಫ್ರೀಮೇಸನ್ ಲಾಡ್ಜ್ ಇತ್ತಾ, ದಾಖಲೆ ಎಲ್ಲಿ ಸಿಗತ್ತೆ?

ಎಲ್ಲರಿಗೂ ನಮಸ್ಕಾರ. ಬ್ರಿಟಿಷರ ಕಾಲದಲ್ಲಿ ಕಾರವಾರದಲ್ಲಿ ಫ್ರೀಮೇಸನ್ ಲಾಡ್ಜ್ (ಫ್ರೀಮೇಸನ್ ಅನ್ನೋ ಹಳೇ ಸೋದರ ಸಂಘದ ಸ್ಥಳೀಯ ಶಾಖೆ) ಇತ್ತು ಅಂತ ಒಂದು ಫೋಟೋ ವಾಟ್ಸಾಪಲ್ಲಿ ಓಡಾಡ್ತಾ ಇದೆ. ಹಳೇ ಕಲ್ಲು, ಅದರ ಮೇಲೆ ಫ್ರೀಮೇಸನ್ನರ ಗುರುತಾದ ಕೈವಾರ ಮತ್ತೆ ಮೂಲೆಮಟ್ಟ. ಗುರುತೊಂದೇ ಸಾಕ್ಷಿ ಆಗಲ್ಲ, ಅವು ಬಡಗಿ, ಕಲ್ಲುಕುಟಿಗರ ಉಪಕರಣಗಳೂ ಹೌದು.

ನೆಟ್ಟಲ್ಲಿ ಹುಡುಕಿದ್ರೆ ಫ್ರೀಮೇಸನ್ನರು ಸೈತಾನನ ಪೂಜೆ ಮಾಡ್ತಾರೆ ಅನ್ನೋ ಕತೆಗಳೇ ಜಾಸ್ತಿ. ಅದರಲ್ಲಿ ಬಹಳಷ್ಟರ ಬೇರು ಫ್ರಾನ್ಸಿನ ಲಿಯೋ ತಕ್ಸಿಲ್ ಕಟ್ಟಿದ ಸುಳ್ಳು. 1897ರಲ್ಲಿ ಅವನೇ ಸಭೆ ಕರೆದು ಒಪ್ಪಿಕೊಂಡ. ಹಾಗಾಗಿ ಅವನ್ನೆಲ್ಲ ಬದಿಗಿಟ್ಟಾಯ್ತು. 'ಕಾರವಾರ ಲಾಡ್ಜ್' ಅಂತ ಹಾಕಿದ್ರೆ ಉಳಕೊಳ್ಳೋ ರೂಮುಗಳೇ ಬರ್ತವೆ, 'ಮೇಸಾನಿಕ್' ಸೇರಿಸಲೇಬೇಕು.

ಲೇನ್ ಅನ್ನೋರು ಮಾಡಿದ ಲಾಡ್ಜ್ ಪಟ್ಟಿ ಆನ್‌ಲೈನಲ್ಲಿದೆ. ಆದ್ರೆ ಅದು ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿಗೆ (ಲಾಡ್ಜುಗಳ ಮೇಲಿನ ಕೇಂದ್ರ ಸಂಸ್ಥೆ) ಸೇರಿದವಕ್ಕೆ ಮಾತ್ರ. ಮುಂಬೈ ಕಡೆ ಸ್ಕಾಟ್ಲೆಂಡಿನ ಸನ್ನದು ಪಡೆದ ಲಾಡ್ಜುಗಳೂ ಬೇಕಾದಷ್ಟಿದ್ದವು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಬಿಟ್ಟು ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಅಂದ್ರೆ ಲೇನ್ ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಕಾರವಾರದಲ್ಲಿ ಇರ್ಲೇ ಇಲ್ಲ ಅನ್ನೋಕಾಗಲ್ಲ. ಭಾರತದ ಗ್ರ್ಯಾಂಡ್ ಲಾಡ್ಜ್ ಶುರುವಾಗಿದ್ದೇ 1961ರಲ್ಲಿ, ಅದಕ್ಕಿಂತ ಮುಂಚೆ ಮುಚ್ಚಿದ್ದರೆ ಅವರ ಈಗಿನ ಪಟ್ಟಿಯಲ್ಲೂ ಸಿಗಲ್ಲ. ಸಿಕ್ಕಿಹಾಕಿಕೊಂಡಿರೋದು ಇಲ್ಲೇ.

ಬಾಂಬೆ ಪ್ರೆಸಿಡೆನ್ಸಿಯ ಸ್ಕಾಟಿಷ್ ಲಾಡ್ಜುಗಳ ಹಳೇ ಪಟ್ಟಿ, ಊರಿನ ಹೆಸರು ಮತ್ತು ಲಾಡ್ಜ್ ನಂಬರ್ ಸಮೇತ, ಯಾವ ಗ್ರಂಥಾಲಯದಲ್ಲಿ ಅಥವಾ ಯಾರ ಹತ್ರ ನೋಡಬಹುದು? ಕಾರವಾರ, ಕುಮಟಾ, ಶಿರಸಿ ಕಡೆಯವರು ಯಾರಾದ್ರೂ ನೋಡಿದ್ರೆ ಪುಟದ ಫೋಟೋ ಹಾಕ್ತೀರಾ?