ಐದು ವರ್ಷದ ಮಗಳ ಜೊತೆ ಶಿವಗಂಗೆ ಹತ್ತಬಹುದಾ?

ವಿಜಯನಗರದ ಅಮ್ಮ: ಈ ಭಾನುವಾರ ಮನೆಯವರೆಲ್ಲ ಯಾವುದಾದರೂ ಬೆಟ್ಟಕ್ಕೆ ಹೋಗೋಣ ಅಂತಿದ್ದೇವೆ. ಮಗನಿಗೆ ಒಂಬತ್ತು, ಮಗಳಿಗೆ ಐದು. ಅತ್ತೆಯೂ ಬರುತ್ತಾರೆ, ಅವರಿಗೆ ಮಂಡಿ ನೋವು. ನನಗೆ ಶಿವಗಂಗೆ ಆಸೆ, ಯಜಮಾನರಿಗೆ ನಂದಿ ಬೆಟ್ಟ. ಕಾರಲ್ಲೇ ಕೂತು ಸುತ್ತಿ ಬರೋದು ಬೇಡ, ಮಕ್ಕಳು ಸ್ವಲ್ಪವಾದರೂ ನಡೆಯಬೇಕು. ಯಾವುದು ಸುಲಭ?

ನೆಲಮಂಗಲದವನು: ಕಣ್ಣು ಮುಚ್ಚಿಕೊಂಡು ಶಿವಗಂಗೆಗೆ ಬನ್ನಿ ಅಕ್ಕಾ. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆವರೆಗೆ ಬಂದು ಎಡಕ್ಕೆ ತಿರುಗಿದರೆ ಆಯಿತು. ಪೂರ್ವದಿಂದ ನೋಡಿದರೆ ಬೆಟ್ಟ ನಂದಿಯ ಹಾಗೆ, ಪಶ್ಚಿಮದಿಂದ ಗಣೇಶನ ಹಾಗೆ, ದಕ್ಷಿಣದಿಂದ ಲಿಂಗದ ಹಾಗೆ, ಉತ್ತರದಿಂದ ಹೆಡೆ ಎತ್ತಿದ ಹಾವಿನ ಹಾಗೆ ಕಾಣುತ್ತದೆ ಅಂತಾರೆ. ದಾರಿಯಲ್ಲಿ ಮಕ್ಕಳಿಗೆ ಇದನ್ನು ಹೇಳಿ, ಕಿಟಕಿ ಬಿಟ್ಟು ಕದಲೋದಿಲ್ಲ. ಮೇಲೆ ಒಳಕಲ್ಲು ತೀರ್ಥ ಇದೆ. ಬಂಡೆಯ ಸಣ್ಣ ಬಾಯಿಗೆ ಕೈ ಇಳಿಸಿದರೆ ತಣ್ಣಗೆ ನೀರು ತಾಗುತ್ತದೆ. ನನ್ನ ಮಗಳು ನೆಲಕ್ಕೆ ಬೋರಲು ಮಲಗಿ, ಭುಜದವರೆಗೂ ಕೈ ತೂರಿಸಿ, "ಸಿಕ್ತು ಅಪ್ಪಾ!" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆಗ ಅವಳಿಗೆ ನಾಲ್ಕು ವರ್ಷ. ತುದಿಯವರೆಗೂ ತಾನೇ ಹತ್ತಿದಳು. ಮಂಗಗಳ ಕಾಟಕ್ಕೆ ಒಂದು ಕೋಲು ಹಿಡಿದುಕೊಂಡರೆ ಸಾಕು.

ಇಬ್ಬರು ಮಕ್ಕಳ ಅಪ್ಪ: "ತುದಿಯವರೆಗೂ ತಾನೇ ಹತ್ತಿದಳು." ನಿಮ್ಮ ಮಗಳು ಹತ್ತಿದಳು ಅಂತ ಎಲ್ಲರ ಮಕ್ಕಳನ್ನೂ ಕಳಿಸಬೇಡಿ ಸಾರ್. ಮೇಲಕ್ಕೆ ಹೋಗ್ತಾ ಹೋಗ್ತಾ ಬಂಡೆಯಲ್ಲೇ ಕಡಿದ ಮೆಟ್ಟಿಲು. ಕೆಲವು ಕಡೆ ಪಾದ ಪೂರ್ತಿ ಊರೋಕೆ ಆಗಲ್ಲ, ಕಬ್ಬಿಣದ ಕಂಬಿ ಹಿಡಿದೇ ಹೋಗಬೇಕು. ದೊಡ್ಡವರ ಸೊಂಟಕ್ಕೆ ಬರುವ ಕಂಬಿ ಚಿಕ್ಕ ಮಕ್ಕಳ ತಲೆ ಮಟ್ಟಕ್ಕಿರುತ್ತದೆ. ಹತ್ತುವಾಗ ಭಯ ಆಗಲ್ಲ, ಇಳಿಯುವಾಗ ಕೆಳಗೆ ನೋಡಿ ಮಕ್ಕಳು ಕೂತುಬಿಡುತ್ತಾರೆ. ನನ್ನ ಚಿಕ್ಕವನನ್ನು ಎದೆಗೆ ಅವಚಿಕೊಂಡು ಹಿಮ್ಮುಖವಾಗಿ ಇಳಿದಿದ್ದೇನೆ. ನಂದಿಗೇ ಹೋಗಿ ಮೇಡಂ. 1,478 ಮೀಟರ್ ಎತ್ತರ, ಆದರೂ ಕಾರು ಮೇಲಿನವರೆಗೂ ಹೋಗುತ್ತದೆ. ಅತ್ತೆಯವರಿಗೂ ಕಷ್ಟ ಇಲ್ಲ.

ಯಲಹಂಕ ಚಾರಣಿಗ: "ಕಾರು ಮೇಲಿನವರೆಗೂ." ಕಾರಲ್ಲಿ ಸುತ್ತೋದು ಬೇಡ ಅಂತ ಅವರು ಮೊದಲೇ ಹೇಳಿದ್ದಾರೆ ಅಲ್ವಾ? ಭಾನುವಾರ ಬೆಳಗ್ಗೆ ನಂದಿ ರಸ್ತೆಯಲ್ಲಿ ಕಾರುಗಳ ಸಾಲು ನೋಡಿದ್ದೀರಾ? ನಾವು ಸಾಲಲ್ಲಿ ನಿಂತಿದ್ದಾಗಲೇ ಸೂರ್ಯ ಹುಟ್ಟಿಬಿಟ್ಟ, ಮಗ ಅತ್ತೇಬಿಟ್ಟ. ನಡೆಯಬೇಕು ಅಂದರೆ ಸುಲ್ತಾನ್‌ಪೇಟೆ ಕಡೆಯಿಂದ ಹಳೆಯ ಮೆಟ್ಟಿಲ ದಾರಿ ಇದೆ. 1,175 ಮೆಟ್ಟಿಲು.

ಇಬ್ಬರು ಮಕ್ಕಳ ಅಪ್ಪ: 1,175 ಮೆಟ್ಟಿಲು! ಮಂಡಿ ನೋವಿರುವ ಹಿರಿಯರಿಗೆ?

ಜಯನಗರದ ಟೀಚರ್: ನನಗೆ ಮೆಟ್ಟಿಲಿಗಿಂತ "ಒಂದು ಕೋಲು ಹಿಡಿದುಕೊಂಡರೆ ಸಾಕು" ಅನ್ನೋ ಮಾತು ಭಯ ತರಿಸುತ್ತಿದೆ. ದಯವಿಟ್ಟು ಹೀಗೆ ಹೇಳಿಕೊಡಬೇಡಿ. ದೊಡ್ಡವರು ಕೋಲು ಬೀಸಿದರೆ ಮಕ್ಕಳೂ ಬೀಸುತ್ತಾರೆ. ದೊಡ್ಡ ಗಂಡು ಮಂಗ ಹಲ್ಲು ಕಿರಿದು ಮುಂದೆ ಬಂದರೆ ಯಾರು ತಡೆಯುತ್ತಾರೆ?

ನೆಲಮಂಗಲದವನು: ಬೀಸೋಕೆ ಅಂತ ನಾನೆಲ್ಲಿ ಹೇಳಿದೆ? ನೆಲಕ್ಕೆ ತಟ್ಟೋಕೆ. ಚಿಕ್ಕಂದಿನಿಂದ ಆ ಬೆಟ್ಟ ಹತ್ತಿದವನು ನಾನು. ಸಂಕ್ರಾಂತಿ ಜಾತ್ರೆಗೆ ನಮ್ಮಜ್ಜಿ ಕೂಡ ಕೋಲು ಹಿಡಿದೇ ಹತ್ತುತ್ತಿದ್ದರು.

ಮಲ್ಲೇಶ್ವರದ ತಾತ: ಕೋಲೂ ಬೇಡ, ಭಯವೂ ಬೇಡ. ಎರಡು ಬಾಳೆಹಣ್ಣು ಮುಂದಿಟ್ಟರೆ ಅವು ತಮ್ಮ ಪಾಡಿಗೆ ಹೋಗುತ್ತವೆ. ಆಂಜನೇಯನ ಸ್ವರೂಪ ಅಂತ ನಮ್ಮ ಹಿರಿಯರು ಕೊಟ್ಟೇ ಬಂದರು. ಮಕ್ಕಳೂ ಕೈಯಾರೆ ಕೊಟ್ಟು ದಯೆ ಕಲಿಯಲಿ.

ಜಯನಗರದ ಟೀಚರ್: "ಕೈಯಾರೆ ಕೊಟ್ಟು." ತಾತಾ, ಹಾಗೆ ಕೊಟ್ಟು ಕೊಟ್ಟೇ ಅವಕ್ಕೆ ಮನುಷ್ಯರ ಕೈ ಅಂದರೆ ಊಟ ಅಂತಾಗಿದೆ. ಕಾಡಿನ ಅತ್ತಿ ಹಣ್ಣು, ಚಿಗುರು, ಹುಳ ಬಿಟ್ಟು ಮೆಟ್ಟಿಲ ಪಕ್ಕ ಬಂದು ಕೂತಿವೆ. ಎರಡು ವರ್ಷದ ಹಿಂದೆ ಒಂದು ಬೆಟ್ಟದಲ್ಲಿ ನನ್ನ ತಂಗಿ ಮಗನ ಕೈಯಿಂದ ಬಿಸ್ಕತ್ ಪೊಟ್ಟಣ ಕಿತ್ತುಕೊಂಡಿತು. ಅವನು ಬಿಡಲಿಲ್ಲ. ಮುಂಗೈ ಮೇಲೆ ಉಗುರಿನ ಮೂರು ಗೆರೆ, ಒಂದರಲ್ಲಿ ರಕ್ತ. ಮಜ್ಜಿಗೆ ಅಂಗಡಿಯವರ ಬಿಂದಿಗೆ ನೀರಲ್ಲಿ, ಅವರದೇ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದೆವು. ಆಮೇಲೆ ಆಸ್ಪತ್ರೆ. ಹುಚ್ಚುನಾಯಿ ರೋಗಕ್ಕೆ ಕೊಡುವ ಚುಚ್ಚುಮದ್ದು, ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ. ಇವತ್ತಿಗೂ ಬೆಟ್ಟ ಅಂದರೆ ಆ ಮಗು ಬರಲ್ಲ ಅನ್ನುತ್ತೆ.

ಮಲ್ಲೇಶ್ವರದ ತಾತ: "ಬಿಸ್ಕತ್ ಪೊಟ್ಟಣ" ಅಂತ ನೀವೇ ಬರೆದಿದ್ದೀರಿ. ಅದು ಬಾಳೆಹಣ್ಣಲ್ಲ. ಹಣ್ಣು ಪ್ರೀತಿಯಿಂದ ಕೊಡೋದು ಬೇರೆ, ಪೊಟ್ಟಣ ತೋರಿಸಿ ಆಸೆ ಹುಟ್ಟಿಸೋದು ಬೇರೆ.

ಜಯನಗರದ ಟೀಚರ್: ಮಂಗಕ್ಕೆ ಆ ವ್ಯತ್ಯಾಸ ಗೊತ್ತಾ ತಾತಾ? ಇವತ್ತು ನಿಮ್ಮ ಹಣ್ಣು ತಿಂದದ್ದೇ ನಾಳೆ ಇನ್ನೊಬ್ಬರ ಮಗುವಿನ ಕೈಗೆ ಹಾರೋದು.

ನೆಲಮಂಗಲದವನು: "ಒಂದು ಬೆಟ್ಟದಲ್ಲಿ" ಅಂತೀರಲ್ಲ, ಶಿವಗಂಗೆಯಲ್ಲಾ? ಬೇರೆ ಕಡೆ ಆಗಿದ್ದನ್ನು ತಂದು ನಮ್ಮೂರ ಬೆಟ್ಟಕ್ಕೆ ಯಾಕೆ ಹಚ್ಚುತ್ತೀರಿ? ದಾರಿ ಉದ್ದಕ್ಕೂ ಸೌತೆಕಾಯಿ, ಮಜ್ಜಿಗೆ ಮಾರಿ ಬದುಕುವವರಿದ್ದಾರೆ. ನೀವು ಹೀಗೆ ಹೆದರಿಸಿದರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ.

ಜಯನಗರದ ಟೀಚರ್: ನಾನು ಯಾರ ಹೊಟ್ಟೆ ಮೇಲೂ ಹೊಡೆದಿಲ್ಲ! ಅಂಥ ಅಂಗಡಿಯವರೇ ನಮಗೆ ನೀರು ಕೊಟ್ಟವರು ಅಂತ ಬರೆದಿದ್ದೇನೆ, ಪೂರ್ತಿ ಓದಿ. ತಿಂಡಿ ಬ್ಯಾಗಿನೊಳಗೆ ಇರಲಿ, ಪ್ಲಾಸ್ಟಿಕ್ ಕವರ್ ಹೊರಗೆ ಕಾಣಿಸದಿರಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಓಡಬೇಡಿ. ಇಷ್ಟು ಹೇಳೋದು ಹೆದರಿಸೋದಾ?

ಬನಶಂಕರಿ ಹುಡುಗ: ಮಂಗನ ಜಗಳ ಬಿಡಿ. ಸಾವನದುರ್ಗಕ್ಕೆ ಹೋಗಿ. ಒಂದೇ ಬಂಡೆ, 1,226 ಮೀಟರ್. ಮಕ್ಕಳು ಕುಣಿದಾಡುತ್ತಾರೆ.

ಇಬ್ಬರು ಮಕ್ಕಳ ಅಪ್ಪ: ತಮ್ಮಾ, ನಿನಗೆ ಮಕ್ಕಳಿಲ್ಲ ಅನ್ನಿಸುತ್ತೆ. ಅದು ಕಡಿದಾದ ಬೋಳು ಬಂಡೆ, ಮೇಲಕ್ಕೆ ಹೋದ ಹಾಗೆ ನೆರಳಿಲ್ಲ. ಹನಿ ಮಳೆ ಬಂದರೂ ಜಾರುತ್ತದೆ.

ವಿಜಯನಗರದ ಅಮ್ಮ: ನಾನು ಕೇಳಿದ್ದು ಭಾನುವಾರಕ್ಕೆ. ಇಲ್ಲಿ ಬಾಳೆಹಣ್ಣೇ ಜಾಸ್ತಿ ಆಯಿತು. ಅತ್ತೆಗೂ ಆಗುವ, ಮಕ್ಕಳೂ ನಡೆಯುವ ಜಾಗ ಯಾರಾದರೂ ಹೇಳಿ.

ಯಲಹಂಕ ಚಾರಣಿಗ: ನಂದಿ ಬೆಟ್ಟದ ಬುಡದಲ್ಲೇ ಭೋಗನಂದೀಶ್ವರ ದೇವಸ್ಥಾನ ಇದೆ. ಒಂಬತ್ತನೇ ಶತಮಾನದಷ್ಟು ಹಳೆಯದು. ಅತ್ತೆಯವರು ಕಲ್ಯಾಣಿ ಹತ್ತಿರ ನೆರಳಲ್ಲಿ ಕೂರಲಿ. ನೀವು ಸುಲ್ತಾನ್‌ಪೇಟೆ ಮೆಟ್ಟಿಲಲ್ಲಿ ಮಗಳಿಗೆ ಸಾಕು ಅನ್ನಿಸೋವರೆಗೆ ಹತ್ತಿ, ಅಲ್ಲಿಂದಲೇ ಇಳಿಯಿರಿ. ತುದಿ ಮುಟ್ಟಲೇಬೇಕು ಅಂತ ಯಾರು ಹೇಳಿದ್ದು?

ನೆಲಮಂಗಲದವನು: ಹಾಗಾದರೆ ಶಿವಗಂಗೆಯಲ್ಲೂ ಒಳಕಲ್ಲು ತೀರ್ಥದವರೆಗೆ ಮಾತ್ರ ಹೋಗಿ ಇಳಿಯಬಹುದಲ್ಲ? ಅತ್ತೆ ಕೆಳಗೆ ಗಂಗಾಧರೇಶ್ವರನ ಗುಡಿಯಲ್ಲಿ ಕೂರಲಿ. ಅಭಿಷೇಕಕ್ಕೆ ಹಾಕಿದ ತುಪ್ಪ ಬೆಣ್ಣೆ ಆಗುತ್ತೆ ಅಂತಾರೆ, ಅದನ್ನು ನೋಡಲಿ. ಇದನ್ನು ಯಾಕೆ ಯಾರೂ ಹೇಳಲ್ಲ?

ಇಬ್ಬರು ಮಕ್ಕಳ ಅಪ್ಪ: ತುದಿವರೆಗೆ ಅಂತ ಶುರು ಮಾಡಿದ್ದು ನೀವೇ.

ಬಸವನಗುಡಿ ಅಕ್ಕ: ಮೊದಲು ಲಾಲ್‌ಬಾಗ್ ಬಂಡೆ ಹತ್ತಿಸಿ ನೋಡಿ. ಸುಮಾರು 300 ಕೋಟಿ ವರ್ಷದ ಕಲ್ಲು, ಮೇಲೆ ಕೆಂಪೇಗೌಡರ ಗೋಪುರ. ನನ್ನ ಮಗಳು ಅಲ್ಲೇ ಮೂರು ತಿಂಗಳು ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಂಡಳು.

ವಿಜಯನಗರದ ಅಮ್ಮ: ಲಾಲ್‌ಬಾಗ್ ವಾರಕ್ಕೊಮ್ಮೆ ನೋಡುತ್ತೇವೆ ಅಕ್ಕಾ, ಈ ಸಲ ಊರಾಚೆ ಬೇಕು. ಭೋಗನಂದೀಶ್ವರ ಅಂತ ನಿಶ್ಚಯ ಮಾಡಿದೆವು, ಅತ್ತೆಯೂ ಒಪ್ಪಿದರು. ಬೆಳಗ್ಗೆ ಐದಕ್ಕೆ ಹೊರಡುತ್ತೇವೆ. ಚಿತ್ರಾನ್ನ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಬ್ಯಾಗಲ್ಲಿ. ಒಳಕಲ್ಲು ತೀರ್ಥ ಮಗಳಿಗೆ ಏಳು ವರ್ಷ ಆದ ಮೇಲೆ.

ನೆಲಮಂಗಲದವನು: ಏಳು ಯಾಕೆ? ನಾಲ್ಕಕ್ಕೇ ಹತ್ತಿದ್ದಾಳೆ ನನ್ನ ಮಗಳು.

ಮಲ್ಲೇಶ್ವರದ ತಾತ: ಒಳ್ಳೆಯದಾಗಲಿ ತಾಯಿ. ಹೋಗ್ತಾ ನಾಲ್ಕು ಬಾಳೆಹಣ್ಣು ಇಟ್ಟುಕೊಳ್ಳಿ.

ಜಯನಗರದ ಟೀಚರ್: ಮಕ್ಕಳಿಗೆ ತಿನ್ನಿಸಿ, ಸಿಪ್ಪೆ ಮನೆಗೆ ತನ್ನಿ.