ಲಿಲಿಯನ್ ಬುಕ್‌ಪ್ಲೇಟ್ ಸಿಕ್ಕಿದೆ, ಅಸಲಿಯಾ?

ಬರ್ಲಿನ್‌ನಿಂದ ಒಬ್ಬರು ಕೇಳಿದ್ದು: ಇಲ್ಲಿನ ಭಾನುವಾರದ ಸಂತೆಯಲ್ಲಿ ಇ. ಎಂ. ಲಿಲಿಯನ್ ಬಿಡಿಸಿದ ಬುಕ್‌ಪ್ಲೇಟ್ ಒಂದು ಸಿಕ್ಕಿತು. ಪುಸ್ತಕದ ಒಳರಟ್ಟಿಗೆ ಅಂಟಿಸುವ, ಒಡೆಯರ ಹೆಸರಿರುವ ಚೀಟಿ ಅಷ್ಟೇ. ಆದರೆ ಹುಚ್ಚು ಹತ್ತಿದೆ! ಯಹೂದಿ ಕಲಾವಿದರು ಮಾಡಿದ ಹಳೇ ಪ್ಲೇಟ್‌ಗಳನ್ನೇ ಕೂಡಿಸಬೇಕು ಅಂತಿದ್ದೇನೆ. ಅಸಲಿ ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ತಿರುಗಿಸಿ ನೋಡಿ. ನಾನು ಮೊದಲು ಕೊಂಡದ್ದರ ಬೆನ್ನಿನಲ್ಲಿ ಜರ್ಮನ್ ಅಕ್ಷರದ ಅರ್ಧ ಸಾಲುಗಳಿದ್ದವು. ಯಾವುದೋ ಪುಸ್ತಕದ ಪುಟ ಕತ್ತರಿಸಿ ಮಾರಿದ್ದರು. ದುಡ್ಡು ಹೋಯಿತು, ಬುದ್ಧಿ ಬಂತು.

ಆಮೇಲೆ ಅಂಚು ಸವರಿ ನೋಡಿ. ಇನ್ನೊಬ್ಬ ಯಹೂದಿ ಕಲಾವಿದ ಹರ್ಮನ್ ಸ್ಟ್ರುಕ್ (1876–1944) ಎಚಿಂಗ್‌ನಲ್ಲಿ ಪಳಗಿದ ಕೈ. ಲೋಹದ ತಗಡಿನಲ್ಲಿ ಗೆರೆಗಳನ್ನು ಆಸಿಡ್‌ನಿಂದ ಕೊರೆಸಿ, ಒದ್ದೆ ಕಾಗದದ ಮೇಲೆ ಜೋರಾಗಿ ಒತ್ತುವ ಅಚ್ಚು ಅದು. ಹಾಗಾಗಿ ತಗಡಿನ ಗುರುತು ಚಿತ್ರದ ಸುತ್ತ ತಗ್ಗಾಗಿ ಉಳಿಯುತ್ತದೆ, ಬೆರಳಿಗೆ ಸಿಗುತ್ತದೆ. ಅಂಚು ಕತ್ತರಿಸಿದ್ದರೆ ಆ ಗುರುತೂ ಹೋಗಿರುತ್ತದೆ. ಲಿಲಿಯನ್ (1874–1925) ಕಥೆ ಬೇರೆ. ಅವರ ಮೊದಮೊದಲಿನವು ಪೆನ್ನು-ಮಸಿಯ ಚಿತ್ರಗಳು, ಬ್ಲಾಕ್ ಮಾಡಿಸಿ ಅಚ್ಚು ಹಾಕಿದ್ದು. ತಗ್ಗಿಲ್ಲ ಅಂತ ಸುಮ್ನೆ ನಕಲಿ ಅನ್ನಬೇಡಿ.

ಇನ್ನೊಬ್ಬರು: ಹೀಬ್ರೂ ಅಕ್ಷರ ಕಲಿತುಕೊಳ್ಳಿ, ಒಂದು ವಾರದ ಕೆಲಸ. ಬೇರೆ ಪ್ಲೇಟ್‌ಗಳಲ್ಲಿ ಲ್ಯಾಟಿನ್‌ನ ‘ಎಕ್ಸ್ ಲಿಬ್ರಿಸ್’ ಇರುವ ಜಾಗದಲ್ಲಿ ‘ಮಿಸಿಫ್ರೇ’ ಅಂತ ಇರುತ್ತದೆ. ಇಂಥವರ ಪುಸ್ತಕಗಳಲ್ಲಿ ಒಂದು ಅಂತ ಅರ್ಥ. ಅದರ ಪಕ್ಕದ್ದೇ ಒಡೆಯರ ಹೆಸರು. ಬಲದಿಂದ ಎಡಕ್ಕೆ ಓದಬೇಕು, ಮರೀಬೇಡಿ.

ಮತ್ತೊಬ್ಬರು: ನನ್ನದು ಒಂದೇ ಮಾತು. ಪುಸ್ತಕದಲ್ಲಿ ಅಂಟಿದ್ದರೆ ಕೀಳಬೇಡಿ, ಪುಸ್ತಕದ ಸಮೇತ ಕೊಳ್ಳಿ. ನಾಜಿಗಳು ಯಹೂದಿ ಮನೆಗಳಿಂದ, ಗ್ರಂಥಾಲಯಗಳಿಂದ ಲಕ್ಷಗಟ್ಟಲೆ ಪುಸ್ತಕ ದೋಚಿದ್ದರು. 1946ರಲ್ಲಿ ಅಮೆರಿಕದ ಸೇನೆ ಆಫೆನ್‌ಬಾಖ್ ಊರಿನ ಡಿಪೋದಲ್ಲಿ ಅವನ್ನು ರಾಶಿ ಹಾಕಿ ವಿಂಗಡಿಸುವಾಗ ಆಧಾರವಾದದ್ದು ಇವೇ ಚೀಟಿ, ಮುದ್ರೆಗಳು. ಅವುಗಳ ಫೋಟೋ ತೆಗೆದು ಆಲ್ಬಂ ಮಾಡಿದ್ದರು. ಚೀಟಿ ಕಿತ್ತರೆ ಪುಸ್ತಕ ಯಾರದ್ದು ಅಂತ ಹೇಗೆ ಹೇಳುತ್ತೀರಿ? ಜರ್ಮನಿಯ ಕೆಲವು ಗ್ರಂಥಾಲಯಗಳು ಸೇರಿ ‘ಲೂಟೆಡ್ ಕಲ್ಚರಲ್ ಅಸೆಟ್ಸ್’ ಅನ್ನೋ ಡೇಟಾಬೇಸ್ ನಡೆಸುತ್ತವೆ. ನಿಮ್ಮ ಚೀಟಿಯಲ್ಲಿರುವ ಹೆಸರು ಹಾಕಿ ನೋಡಿ.

ಕೇಳಿದವರು: ಈಗ ತಿರುಗಿಸಿ ನೋಡಿದೆ. ಅಕ್ಷರ ಇಲ್ಲ. ಒಣಗಿದ ಗೋಂದು, ಅದಕ್ಕೆ ಅಂಟಿಕೊಂಡ ನೀಲಿ ಕಾಗದದ ಚೂರು ಇದೆ. ಯಾವುದೋ ಪುಸ್ತಕದಿಂದ ಕಿತ್ತದ್ದೇ, ಅಲ್ವಾ? ಹೆಸರು ಹುಡುಕಲು ಕೂತಿದ್ದೇನೆ. ಎರಡನೇ ಪ್ಲೇಟಿನ ಯೋಚನೆ ಆಮೇಲೆ.